ಮೊಕ್ ಮೇಸ್ತ್ರಿಯ ಸರದಿ

ಶಾಮ್‌ಶುಯ್‌ಪೋ, ಹಾಂಗ್‌ಕಾಂಗ್
೧೨ ನವೆಂಬರ್ ೨೦೨೩, ಭಾನುವಾರ

ಚುನ್-ಕಿಟ್,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗುರುತು ಕಾಣುತ್ತಿದ್ದರೆ ಕಾಣಲಿ. ನೀನೂ ನಿನ್ನ ಹೆಂಡತಿಯೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾವಿಲ್ಲಿ ಕ್ಷೇಮ. ನನ್ನ ಹೆಂಡತಿ ಸುಯ್-ಫಾಳ ಮಂಡಿನೋವು ಕಡಿಮೆಯಾಗಿದೆ, ನನ್ನ ರಕ್ತದೊತ್ತಡ ಏರಿದೆ. ಏರಿದ್ದು ಯಾರಿಂದ ಎಂದು ವೈದ್ಯರಿಗೆ ಹೇಳಲಿಲ್ಲ.

ಸೆಪ್ಟೆಂಬರಿನಲ್ಲೇ ಬರೆಯಬೇಕಿದ್ದ ಕಾಗದ ಇದು. ತಡವಾದುದಕ್ಕೆ ಕ್ಷಮೆ ಇರಲಿ. ಎರಡು ಸಲ ಬರೆದು ಹರಿದೆ. ಒಂದರಲ್ಲಿ ಬೈಗುಳ ಹೆಚ್ಚಾಯಿತು, ಇನ್ನೊಂದರಲ್ಲಿ ಕಡಿಮೆಯಾಯಿತು. ಫೋನಿನಲ್ಲೇ ಮುಗಿಸೋಣವೆಂದರೆ ನೀನು ನನ್ನ ನಂಬರು ಬಂದ್ ಮಾಡಿ ಕೂತಿದ್ದೀಯ. ಮಕಾವ್ ಎಂದರೆ ಒಂದು ಗಂಟೆಯ ದೋಣಿ. ನೀನು ಚಂದ್ರಲೋಕಕ್ಕೆ ಹೋದವನ ಹಾಗೆ ಆಡುತ್ತಿದ್ದೀಯ.

ಮೊದಲು ನಮ್ಮ ಗಡಿಯಾರದಂಗಡಿಯ ಸುದ್ದಿ ಹೇಳುತ್ತೇನೆ, ನಿನಗೆ ಅದರಲ್ಲಿ ಆಸಕ್ತಿ ಜಾಸ್ತಿ. ಬಾಗಿಲಿಗೆ ಹಗ್ಗ ಕಟ್ಟಿ ಜನರನ್ನು ನಿಲ್ಲಿಸುತ್ತಿದ್ದ ಕಾಲ ಹೋಯಿತು. ಈಗ ಆ ಹಗ್ಗ ಉಗ್ರಾಣದಲ್ಲಿ ಧೂಳು ತಿನ್ನುತ್ತಿದೆ. ಗುರುವಾರ ನೀಲಿ ಮುಖದ ಉಕ್ಕಿನ ಗಡಿಯಾರ ಒಂದು ಬಂತು. ಹೌದು, ಅದೇ ಮಾದರಿ. ಕಾಯುವವರ ಪಟ್ಟಿ ಹಿಡಿದು ಹನ್ನೊಂದು ಜನಕ್ಕೆ ಫೋನ್ ಮಾಡಿದೆ. ಪಟ್ಟಿಯಲ್ಲಿ ಮೇಲೇರಲೆಂದು ಹೆಂಡತಿಗೆ ಬೇಡದ ವಜ್ರದ ಓಲೆಯನ್ನು ನಮ್ಮಲ್ಲೇ ಕೊಂಡವರು, ಮ್ಯಾನೇಜರನ ಮಗನ ಶಾಲೆಗೆ ಶಿಫಾರಸು ಕೊಟ್ಟವರು, ಎಲ್ಲರೂ ಇದ್ದರು. ಒಬ್ಬ, “ಹೊರಗಡೆ ಮಾರಿದ್ರೆ ಸಿಗೋ ರೇಟು ಬಿದ್ದೋಗಿದೆಯಂತಲ್ರೀ, ಈಗ ತಗೊಂಡು ಏನ್ ಮಾಡ್ಲಿ?” ಅಂದ. ನಾನು ಕ್ವೊಕ್ ಅಂದರೆ ಇನ್ನೊಬ್ಬ, “ಯಾವ ಕ್ವೊಕ್?” ಅಂದ. ಹೋದ ವರ್ಷ ಅವನ ಬಾಯಲ್ಲಿ ನಾನು ಅಣ್ಣನಾಗಿದ್ದೆ. ಸಂಜೆಯವರೆಗೂ ಯಾರೂ ಬರಲಿಲ್ಲ. ಗಡಿಯಾರವನ್ನು ಕಿಟಕಿಯಲ್ಲಿ ಇಟ್ಟಿದ್ದೇವೆ, ದಾರಿಹೋಕರು ಕೂಡ ಕೊಳ್ಳಬಹುದು.

ಅದನ್ನು ಕಿಟಕಿಯಲ್ಲಿ ಇಟ್ಟವನು ನಾನೇ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಮೊಕ್ ಮೇಸ್ತ್ರಿಯ ವಿಷಯ ನಿನಗೆ ಅರ್ಧ ಗೊತ್ತು, ಪೂರ್ತಿ ಹೇಳುತ್ತೇನೆ. ಮೊಂಗ್‌ಕಾಕ್‌ನ ಹಳೆಯ ಚಹಾಮನೆಯಲ್ಲಿ ಮೂವತ್ತೆಂಟು ವರ್ಷ ಕಡುಬು, ಬನ್ನು ಮಾಡಿದ ಮನುಷ್ಯ. ಹಿಟ್ಟು ನಾದುವವನಿಗೆ, ಹಬೆಯ ಮುಂದೆ ನಿಲ್ಲುವವನಿಗೆ ಕೈಗಡಿಯಾರ ಕಟ್ಟುವಂತಿಲ್ಲ. ಚಹಾಮನೆ ಈ ಆಗಸ್ಟಿನ ಕೊನೆಗೆ ಮುಚ್ಚುವುದೆಂದು ನಾಲ್ಕು ವರ್ಷದ ಹಿಂದೆಯೇ ಗೊತ್ತಾಗಿತ್ತು, ಕಟ್ಟಡ ಬೀಳಿಸುತ್ತಾರೆ. ಆವತ್ತೇ ನಮ್ಮಲ್ಲಿಗೆ ಬಂದು ಹೆಸರು ಬರೆಸಿದ. “ಕೊನೇ ದಿನ ಕೈ ತೊಳ್ಕೊಂಡು ಗಡಿಯಾರ ಕಟ್ಕೊಂಡು ಮುಂಬಾಗಿಲಿಂದ ಆಚೆ ಹೋಗ್ಬೇಕು ಕ್ವೊಕ್ ಅವರೇ. ಇಷ್ಟು ವರ್ಷ ಹಿಂಬಾಗಿಲಲ್ಲೇ ಓಡಾಡಿದ್ದು,” ಅಂದ. ಒಂದೇ ಒಂದು ಗಡಿಯಾರ, ನೀಲಿ ಮುಖದ್ದು. ಬೇರೆ ತೋರಿಸಿದರೆ ನೋಡುತ್ತಲೂ ಇರಲಿಲ್ಲ.

ಅಂಥವನು ಪಟ್ಟಿಯಲ್ಲಿ ಮೇಲೆ ಬರುವುದು ಹೇಗೆಂದು ನಿನಗೆ ಗೊತ್ತು. ಓಲೆ ಕೊಳ್ಳಲಿಲ್ಲ, ಶಿಫಾರಸಿಲ್ಲ. ಪ್ರತಿ ತಿಂಗಳ ಮೊದಲ ಮಂಗಳವಾರ, ಅವನ ರಜದ ದಿನ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ. ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಬಾಗಿಲ ಹತ್ತಿರ ನಿಂತಿದ್ದು, ಆಮೇಲೆ ಬಂದು “ಬಂತಾ?” ಅನ್ನುತ್ತಿದ್ದ. ನಾನು “ಇನ್ನೂ ಇಲ್ಲ” ಅನ್ನುತ್ತಿದ್ದೆ. “ಪರವಾಗಿಲ್ಲ, ಎಲ್ಲರಿಗೂ ಒಂದು ಸರದಿ ಇರತ್ತೆ,” ಅಂದು ಹೋಗುತ್ತಿದ್ದ. ನಾಲ್ಕು ವರ್ಷ ಇಷ್ಟೇ ಮಾತು. ಈ ವರ್ಷದ ಫೆಬ್ರವರಿಯಲ್ಲಿ ನಾನು ಮ್ಯಾನೇಜರನ ಕೋಣೆಗೆ ಹೋಗಿ ಗಂಟಲು ಹರಿದುಕೊಂಡ ಮೇಲೆ ಅವನು, “ಸರಿ, ಮುಂದೆ ಬರೋದು ಆ ಬನ್ನಿನ ಮುದುಕನಿಗೆ ಕೊಡು, ನನ್ನ ತಲೆ ತಿನ್ನಬೇಡ,” ಎಂದು ಒಪ್ಪಿದ.

ಮಾರ್ಚ್ ಆರಕ್ಕೆ ಗಡಿಯಾರ ಬಂತು. ಮರುದಿನ ಮೊದಲ ಮಂಗಳವಾರ. ಫೋನ್ ಮಾಡುವುದೇ ಬೇಡ, ಎದುರಿಗೇ ಇಟ್ಟು ಅವನ ಮುಖ ನೋಡೋಣ ಅಂದುಕೊಂಡೆ. ಆ ಬುದ್ಧಿ ಯಾಕೆ ಬಂತೋ. ಆ ಸಂಜೆ, ಮಕಾವ್‌ನಿಂದ ನೀನು ಬಂದಿದ್ದಾಗ, ಚಹಾ ಕುಡಿಯುತ್ತ ಬಾಯಿ ತಡೆಯದೆ ನಿನಗೆ ಹೇಳಿದೆ.

ಮಂಗಳವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ನೀನು ಬಾಗಿಲಲ್ಲಿದ್ದೆ. ಏನಂದೆ ನೆನಪಿದೆಯಾ? ನನಗಿದೆ. “ಪುಯ್-ಲಾಮ್, ಅಪ್ಪನಿಗೆ ಬರೋ ತಿಂಗಳು ಎಂಬತ್ತು ತುಂಬತ್ತೆ ಕಣೋ. ಜೀವಮಾನವಿಡೀ ಕಂಡೋರ ಗಡಿಯಾರ ರಿಪೇರಿ ಮಾಡಿದ್ದಾಯ್ತು. ಒಂದೇ ಒಂದು ಒಳ್ಳೇದು ಅವನ ಕೈಗೆ ಕಟ್ಬೇಕು. ಅವನಿಲ್ದೆ ಇದ್ರೆ ನೀನು ಈ ಗಾಜಿನ ಹಿಂದೆ ನಿಂತಿರ್ತಿದ್ಯಾ?” ಅಂದೆ. ಕಣ್ಣಲ್ಲಿ ನೀರು ಬೇರೆ. ಎಲ್ಲಿ ಕಲಿತೆಯಪ್ಪ ಅದನ್ನು?

ನಿನ್ನ ಅಪ್ಪ ಚೆ ಮಾವನ ಹೆಸರು ತೆಗೆದರೆ ನಾನು ಕರಗುತ್ತೇನೆಂದು ನಿನಗೆ ಗೊತ್ತಿತ್ತು. ಮೆಟ್ಟಿಲ ಕೆಳಗಿನ ಆ ಬೀರುವಿನಷ್ಟಗಲದ ಅಂಗಡಿಯಲ್ಲಿ ನನ್ನನ್ನು ತೊಡೆ ಪಕ್ಕ ಕೂರಿಸಿಕೊಂಡು ಗಡಿಯಾರದ ಬೆನ್ನು ತೆಗೆಯುವುದು ಕಲಿಸಿದ ಮನುಷ್ಯ. ಮೇಸ್ತ್ರಿಗೆ ಮುಂದಿನದು ಕೊಟ್ಟರಾಯಿತು, ಆಗಸ್ಟಿಗೆ ಇನ್ನೂ ಐದು ತಿಂಗಳಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮ್ಯಾನೇಜರನಿಗೆ ಮೇಸ್ತ್ರಿ ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ. ಗಡಿಯಾರದ ಗ್ಯಾರಂಟಿ ಕಾರ್ಡಿನ ಮೇಲೆ ಮಾರ್ಚ್ ಏಳು ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ.

ಇನ್ನೊಂದು ಇದೆ, ಅದನ್ನು ನೆನೆದರೆ ನನ್ನನ್ನು ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಮಾರುವಾಗ ಗಿರಾಕಿಯ ಎದುರಿಗೇ ಗಡಿಯಾರದ ಮೇಲಿನ ಪ್ಲಾಸ್ಟಿಕ್ ಪೊರೆ ಸುಲಿಯಬೇಕು, ಉಕ್ಕಿನ ಪಟ್ಟಿಯ ಕೊಂಡಿ ತೆಗೆದು ಅವನ ಕೈಯಳತೆಗೆ ಸರಿಮಾಡಬೇಕು. ಕೊಂಡವನು ನೇರ ಮಾರಾಟಕ್ಕೆ ಓಡದಿರಲಿ ಎಂದೇ ಈ ನಿಯಮ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ಪೊರೆ ಸುಲಿದಿದ್ದೇನೋ. ನೀನು ನನ್ನ ಕೈ ಹಿಡಿದು, “ಬಿಡು, ಅಪ್ಪನೇ ಸುಲೀಲಿ. ಹೊಸ ಗಡಿಯಾರದ ಪೊರೆ ಅವನು ಯಾವತ್ತೂ ಸುಲಿದಿಲ್ಲ,” ಅಂದೆ. ನಾನು ಬಿಟ್ಟೆ. ಇಷ್ಟು ವರ್ಷ ಅನುಭವ ಇರುವವನು, ಆ ಒಂದು ಮಾತಿಗೆ ಮಗುವಿನ ಹಾಗೆ ತಲೆಯಾಡಿಸಿದೆ.

ನೀನು ಹೋದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ, ಮೇಸ್ತ್ರಿ ಬಂದ. “ಬಂತಾ?” ಅಂದ. “ಇನ್ನೂ ಇಲ್ಲ” ಅಂದೆ.

ಆಮೇಲೆ ಐದು ತಿಂಗಳಲ್ಲಿ ಆ ಮಾದರಿ ಒಂದೂ ಬರಲಿಲ್ಲ. ಆಗಸ್ಟಿನಲ್ಲಿ ಮೇಸ್ತ್ರಿಯೂ ಬರಲಿಲ್ಲ. ಸೆಪ್ಟೆಂಬರ್ ಐದಕ್ಕೆ ಬಂದಾಗ ಕೈಯಲ್ಲಿ ಗಡಿಯಾರವಿತ್ತು, ಬಳೆಯ ಹಾಗೆ ಮೊಣಕೈವರೆಗೆ ಜಾರುತ್ತಿತ್ತು. ಚಿಮ್‌ಶಾಚುಯ್‌ನ ಮರುಮಾರಾಟದ ಮಳಿಗೆಯೊಂದರಲ್ಲಿ ನಮ್ಮ ಬೆಲೆಯ ಎರಡರಷ್ಟು ಕೊಟ್ಟು ಕೊಂಡಿದ್ದ. “ಬೈಯಬೇಡಿ ಕ್ವೊಕ್ ಅವರೇ, ಕೊನೇ ದಿನ ಬಂದ್ಬಿಡ್ತು. ಕಟ್ಕೊಂಡೇ ಮುಂಬಾಗಿಲಿಂದ ಹೋದೆ. ಹುಡುಗರೆಲ್ಲ ಚಪ್ಪಾಳೆ ತಟ್ಟಿದ್ರು,” ಅಂದ. ಪಟ್ಟಿಯ ಎರಡು ಕೊಂಡಿ ಮಾತ್ರ ನಮ್ಮಲ್ಲೇ ತೆಗೆಸಬೇಕೆಂದು ಆಸೆಪಟ್ಟು ಬಂದಿದ್ದ. ಗಡಿಯಾರ ಬಿಚ್ಚಿ ತಟ್ಟೆಯಲ್ಲಿಟ್ಟ, ಪಕ್ಕದಲ್ಲಿ ಕಾರ್ಡು ಇಟ್ಟ. ನಮ್ಮ ಅಂಗಡಿಯ ಮುದ್ರೆ, ನನ್ನ ಸಹಿ, ಮಾರ್ಚ್ ಏಳು.

ಮುದ್ರೆ ಅವನೂ ನೋಡಿದ್ದ. ನಮ್ಮಲ್ಲಿಂದಲೇ ಹೋದದ್ದು ಎಂಬ ಸಂತೋಷಕ್ಕೇ ಅದನ್ನು ಆರಿಸಿಕೊಂಡಿದ್ದನಂತೆ. ತಾರೀಕಿನ ಮೇಲೆ ಬೆರಳಿಟ್ಟು, “ಇದು ಮಂಗಳವಾರ ಅಲ್ವಾ? ಆವತ್ತು ನಾನು ಬಂದಿದ್ದೆ,” ಅಂದ. ಜಗಳದ ದನಿಯಲ್ಲ, ಲೆಕ್ಕ ತಪ್ಪಿದವನ ದನಿ. ನನ್ನ ಬಾಯಿಂದ ಮಾತು ಹೊರಡಲಿಲ್ಲ ಎಂದಷ್ಟೇ ತಿಳಿದುಕೋ.

ಮರುದಿನ ಆ ಮಳಿಗೆಗೆ ಹೋದೆ. ಮಾಲೀಕ ಪೂನ್ ಹಲ್ಲುಕಡ್ಡಿ ಕಚ್ಚಿಕೊಂಡು, “ಅದಾ? ಮಕಾವ್‌ನವನು ತಂದಿದ್ದು. ಮಾರ್ಚ್ ಏಳಕ್ಕೇ, ಮಧ್ಯಾಹ್ನದ ಊಟಕ್ಕೆ ಮೊದಲೇ. ಪೊರೆ ಹಾಗೇ ಇತ್ತು, ಅದಕ್ಕೆ ಜಾಸ್ತಿ ಕೊಟ್ಟೆ. ನಿಮ್ಮ ಕಡೆ ಯಾರೋ ಒಳ್ಳೇ ಪೆದ್ದ ಸಿಕ್ಕಿರಬೇಕು ಅವನಿಗೆ,” ಅಂದ. ಆ ಪೆದ್ದ ನಾನೇ, ಅವನ ಎದುರಿಗೇ ನಿಂತಿದ್ದೆ. ಮೇಸ್ತ್ರಿ “ಬಂತಾ?” ಎಂದು ಕೇಳುವ ಹೊತ್ತಿಗೆ ನೀನು ಕಾಸು ಎಣಿಸಿಯಾಗಿತ್ತು.

ಅಷ್ಟಾದರೂ ನನ್ನ ಮನಸ್ಸು ನಂಬಲಿಲ್ಲ, ನೋಡು. ಮಾವನಿಗೆ ಬಣ್ಣ ಹಿಡಿಸಲಿಲ್ಲವೇನೋ, ಆಸ್ಪತ್ರೆಯ ಖರ್ಚು ಬಂತೇನೋ ಎಂದು ನಿನ್ನ ಪರವಾಗಿ ನಾನೇ ವಕಾಲತ್ತು ಹಾಕಿದೆ. ಶರತ್ಕಾಲದ ಹಬ್ಬಕ್ಕೆ ಚಂದ್ರಕಡುಬು ಹಿಡಿದು ನಿನ್ನ ತಂಗಿಯ ಮನೆಗೆ ಹೋಗಿ ಮಾವನನ್ನು ನೋಡಿದೆ. ಎಂಬತ್ತು ಹೇಗಾಯಿತು ಎಂದು ಕೇಳಿದೆ. “ಯಾರಿಗೆ ಎಂಬತ್ತು? ಎಪ್ಪತ್ತೇಳಕ್ಕೇ ನನ್ನನ್ನ ಸಾಗ್ಸೋಕೆ ನೋಡ್ತಿದ್ದೀಯೇನೋ?” ಎಂದು ನಕ್ಕ. ಗಡಿಯಾರದ ಮಾತು ತೆಗೆದರೆ, “ಯಾವ ಗಡಿಯಾರ? ನನ್ನ ಮಗ ನನಗೆ ಕಟ್ಟಿರೋದು ಬೆನ್ನುನೋವಿನ ಪಟ್ಟಿ ಒಂದೇ,” ಅಂದ. ನಾನು ಕಡುಬು ಕತ್ತರಿಸುತ್ತ ಕೂತೆ. ಅವನಿಗೆ ಏನೂ ಹೇಳಿಲ್ಲ. ಹೇಳುವುದೂ ಇಲ್ಲ, ಅದು ನಿನ್ನ ಪುಣ್ಯವಲ್ಲ, ಅವನದು.

ಚುನ್-ಕಿಟ್, ಕಾಸು ಬೇಕಿದ್ದರೆ ಕೇಳಬಹುದಿತ್ತು. ಸುಯ್-ಫಾಳ ಬಳೆ ಅಡವಿಟ್ಟಾದರೂ ಕೊಡುತ್ತಿದ್ದೆ, ನಿನಗದು ಗೊತ್ತು. ಹೆತ್ತ ಅಪ್ಪನ ವಯಸ್ಸನ್ನು ಮೂರು ವರ್ಷ ಏರಿಸಿ, ನನಗೆ ಅನ್ನದ ದಾರಿ ತೋರಿಸಿದವನ ಹೆಸರನ್ನು ಕೊಕ್ಕೆಗೆ ಸಿಕ್ಕಿಸಿ ನನ್ನನ್ನು ಮೀನಿನ ಹಾಗೆ ಎತ್ತಿಕೊಂಡೆಯಲ್ಲ, ಅದಕ್ಕೆ ಏನು ಹೆಸರಿಡಲಿ? ನಲವತ್ತೈದು ವರ್ಷದ ಗೆಳೆತನ ನಿನಗೆ ಒಂದು ಬೆಳಗಿನ ವ್ಯಾಪಾರವಾಯಿತು. ಸಿಟ್ಟು ನೆತ್ತಿಗೇರಿದರೆ ಇಳಿಯುತ್ತದೆ ಅನ್ನುತ್ತಾರೆ. ಎರಡು ತಿಂಗಳಾಯಿತು, ನನಗೆ ಇಳಿದಿಲ್ಲ.

ನನಗೆ ನಿನ್ನಿಂದ ಬೇಕಾದದ್ದು ಒಂದೇ. ಡಿಸೆಂಬರ್ ಐದು, ಮೊದಲ ಮಂಗಳವಾರ, ದೋಣಿ ಹತ್ತಿ ಬಾ. ಇಬ್ಬರೂ ಮೊಕ್ ಮೇಸ್ತ್ರಿಯ ಮನೆಗೆ ಹೋಗೋಣ. ಆ ಗಡಿಯಾರ ನಿನ್ನ ಕೈಗೆ ಹೇಗೆ ಬಂತು, ಪೂನ್‌ನ ಕೈಗೆ ಹೇಗೆ ಹೋಯಿತು ಎಂದು ನಿನ್ನ ಬಾಯಿಂದ ಹೇಳು. ನೀನು ಬರದಿದ್ದರೆ ನಾನು ಜಗಳವಾಡುವುದಿಲ್ಲ, ಇನ್ನು ಬರೆಯುವುದೂ ಇಲ್ಲ.

ಚಳಿ ಶುರುವಾಗಿದೆ, ನಿನ್ನ ಎದೆಗೆ ಆಗುವುದಿಲ್ಲ, ಬೆಚ್ಚಗಿರು. ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ಅವಳ ತಲೆಯ ಮೇಲೆ ನನ್ನ ಆಶೀರ್ವಾದ ಯಾವತ್ತೂ ಇರುತ್ತದೆ, ಅವಳು ಏನೂ ತಪ್ಪು ಮಾಡಿಲ್ಲ. ನಿನಗೂ ಒಳ್ಳೆಯದಾಗಲಿ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ಇಂತು,
ಕ್ವೊಕ್ ಪುಯ್-ಲಾಮ್

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ತಾರೀಕು ತೋರಿಸಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಹೊರಟಿತು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ, ಮೇಸ್ತ್ರಿ ಊರಲ್ಲಿಲ್ಲ ಎಂದಿದ್ದ ನನ್ನ ಸುಳ್ಳು ಬಯಲಾಗುತ್ತಿತ್ತು. ನಾನು ಕಾರ್ಡನ್ನು ದೀಪಕ್ಕೆ ಹಿಡಿದು ನೋಡಿದ ಹಾಗೆ ಮಾಡಿ, “ಮೇಸ್ತ್ರಿ, ಇದು ನಮ್ಮದಲ್ಲ. ಮುದ್ರೆ, ಸಹಿ ಎಲ್ಲ ನಕಲಿ. ಗಡಿಯಾರವೂ ನಕಲಿಯೇ ಇರಬೇಕು,” ಅಂದೆ. ಅವನು ನನ್ನನ್ನು ನಂಬಿದ. ನಾಲ್ಕು ವರ್ಷ ನಂಬಿದವನು ಆವತ್ತು ಯಾಕೆ ನಂಬುವುದಿಲ್ಲ? ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಪೂನ್‌ನ ಹತ್ತಿರ ಹೋಗಿ ಕಾಸು ಕೇಳಿ ಎಂದರೆ ಬೇಡ ಅಂದ. “ನನ್ನದೇ ತಪ್ಪು ಬಿಡಿ ಕ್ವೊಕ್ ಅವರೇ. ಸರದಿ ಬಿಟ್ಟು ಹೋದೆ,” ಎಂದು ನನ್ನ ಕೈ ಹಿಡಿದು ಕ್ಷಮೆ ಕೇಳಿದ. ಆಮೇಲೆ ಬಂದಿಲ್ಲ. ಅವನ ಮನೆಯ ಕೆಳಗೆ ಮೂರು ಸಲ ಹೋಗಿದ್ದೇನೆ, ಮೆಟ್ಟಿಲು ಹತ್ತಿಲ್ಲ. ನೀನು ಬಾ ಅಂದದ್ದು ಅದಕ್ಕೇ.