ಮಡಿಲು ಯಾರದಿತ್ತು ಎಂದು ಬರೆದಿಡಿ

ಬಾದಾಮಿ, ಗುಹೆಗಳ ಮೆಟ್ಟಿಲು
ಕ್ರಿ.ಶ. ೨೨೯೧, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ಇನ್ನೂರು ಚಿಲ್ಲರೆ ವರ್ಷ ಹಿಂದಿರುವ ನಿಮಗೆ,

ತಿಂಗಳು ಹದಿಮೂರು ಹೇಗಾಯಿತೆಂದು ಕೇಳಬೇಡಿ. ಬೇಸಿಗೆ ಹನ್ನೆರಡರಲ್ಲಿ ಹಿಡಿಯಲಿಲ್ಲ, ಒಂದು ಸೇರಿಸಿದರು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಬಸ್ಸುಗಳ ಫಲಕ ಓದಿ ಕಲಿತವಳು.

ಹೆಸರು ಶಾಂಭವ್ವ. ಈ ಮೆಟ್ಟಿಲ ಮೇಲೆ ಸೌತೆಕಾಯಿ ಮಾರುತ್ತಿದ್ದೆ. ಯಾವ ಕೋತಿ ಯಾವುದರ ಹೇನು ಹೆಕ್ಕುತ್ತದೆ, ಯಾವುದು ಕಸಿದು ಓಡುತ್ತದೆ ಎಂಬುದು ಬಾಯಿಪಾಠವಾಯಿತು, ಬುಟ್ಟಿ ಉಳಿಯಬೇಕಲ್ಲ. ಆ ಬಾಯಿಪಾಠಕ್ಕೇ ಈಗ ಸಂಬಳ. ನನ್ನನ್ನು ಮಡಿಲುಗಾರ್ತಿ ಎನ್ನುತ್ತಾರೆ, ಅಂದರೆ ಪ್ರತಿ ಮರಿ ಯಾರ ಮಡಿಲಲ್ಲಿ ಬೆಳೆಯಿತೆಂದು ಬರೆದಿಡುವವಳು. ಇಲ್ಲಿನ ಕೋತಿಗಳನ್ನು ನೋಡಿಕೊಳ್ಳುವ ಕಚೇರಿಯವರು ನಂಬುವುದು ಎಳೆಚೀಟಿಯನ್ನು. ಮರಿಯ ಕೂದಲು ಕಿತ್ತು, ಅದರ ವಂಶವಾಹಿ ಓದಿ ಬರೆದ ಕಾಗದ ಅದು.

ಮೊನ್ನೆ ತಾಯಿ ಸತ್ತ ಹೆಣ್ಣುಮರಿಯೊಂದರ ಚೀಟಿಯಲ್ಲಿ ಮುಂಗೋಪದ ಎಳೆ ಬಂತು. ಅಂಥದ್ದು ದೊಡ್ಡದಾದರೆ ಗುಂಪು ಒಡೆಯುತ್ತದೆಂದು ಕಚೇರಿಯ ಮಲ್ಲೇಶಿ ಒಂಟಿಗೂಡು ತಂದ. ಅದರೊಳಗೆ ಹೋದ ಕೋತಿ ಸಾಯುವವರೆಗೂ ಒಂಟಿಯೇ.

"ಶಾಂಭವ್ವಾರ, ಚೀಟ್ಯಾಗ ಬಂದದ್ದು ಸುಳ್ಳೇನ್ರಿ?"

"ಸುಳ್ಳಲ್ಲೋ ತಮ್ಮಾ, ಅರ್ಧಾ ಅದ. ನಿಮ್ಮಪ್ಪನ ಸಿಟ್ಟು ನಿನಗೂ ಬಂದದ. ಹಂಗಂತ ನಿನ್ನ ಗೂಡಿನ್ಯಾಗ ಹಾಕಿದ್ವೇನು? ನಿಮ್ಮವ್ವ ತಿದ್ದಿದ್ಲು."

ನಕ್ಕ. ಗೂಡು ಮಾತ್ರ ಎತ್ತಲಿಲ್ಲ.

ನನ್ನ ದಾಖಲೆ ಬಿಚ್ಚಿದೆ. ಅದೇ ಎಳೆ ಇರುವ ಕೋತಿಗಳು ಒಂಬತ್ತು. ದೊಡ್ಡವರಿಲ್ಲದೆ ಓರಗೆಯ ಮರಿಗಳ ಜೊತೆ ಬೆಳೆದ ಆರೂ ಜಗಳಗಂಟರು, ಒಪ್ಪುತ್ತೇನೆ. ಒಂದು ನನ್ನ ಹೆಬ್ಬೆರಳನ್ನೇ ಸೀಳಿದೆ. ಗೌರಿ ಎಂಬ ಮುದಿ ಕೋತಿಯ ಮಡಿಲಲ್ಲಿ ಬೆಳೆದ ಮೂರೂ ಬೇಗ ಬೆದರುತ್ತವೆ, ಅಷ್ಟೆ. ಹಾವು ಕಂಡರೆ ಗುಂಪಿನಲ್ಲಿ ಮೊದಲು ಕೂಗುವವೂ ಅವೇ.

ಒಂಬತ್ತು ಸಾಲದು, ಇನ್ನಷ್ಟು ತೋರಿಸಿ ಎಂದರು ಕಚೇರಿಯವರು. ಸೋಮವಾರದವರೆಗೆ ಗಡುವು.

ಅದಕ್ಕೇ ಈ ಪತ್ರ. ನಿಮ್ಮ ಕಾಲದ ಕೋತಿಗಳ ರಕ್ತ ಇಲ್ಲಿ ಒಂದು ಹಳೆಯ ಪೆಟ್ಟಿಗೆಯ ಸೀಸೆಗಳಲ್ಲಿದೆ. ಎಳೆಯನ್ನು ಈಗಲೂ ಓದಬಹುದು, ಆದರೆ ಯಾವ ಸೀಸೆಯ ಮೇಲೂ ಮಡಿಲು ಬರೆದಿಲ್ಲ. ನೀವು ಈ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಯುವಾಗ ಎರಡು ಸಾಲು ಬರೆಯಿರಿ: ಮರಿ ಯಾರ ಮಡಿಲಲ್ಲಿತ್ತು, ಬೆಳೆದು ಏನು ಮಾಡಿತು. ಸೀಸೆ ತುಂಬುವವರ ಕೈಗೆ ಕೊಡಿ, ಪೆಟ್ಟಿಗೆಯಲ್ಲೇ ಇಡಲಿ. ಸೋಮವಾರ ಪೆಟ್ಟಿಗೆ ಮತ್ತೆ ತೆರೆಯುತ್ತೇವೆ.

ಅಲ್ಲಿಯವರೆಗೆ ಮರಿ ಗೌರಿಯ ಬಳಿ ಇದೆ. ಬೆಳಗಿನಿಂದ ಅವಳನ್ನು ಎರಡು ಸಲ ಕಚ್ಚಿದೆ. ಮುದುಕಿ ಹೇನು ಹೆಕ್ಕುವುದನ್ನು ನಿಲ್ಲಿಸಿಲ್ಲ.