ಒರೆಸಿದೆ ಅಂದಿದ್ದೆ

18 ಅಕ್ಟೋಬರ್ 99, ಸೋಮವಾರ

ಬೆಳಿಗ್ಗೆ ಬೆರ್ರಿಯೆಸಾ ಬೀದಿಯ ನಮ್ಮ ಚಿನ್ನದ ಅಂಗಡಿಯಲ್ಲೇ ಆಯುಧಪೂಜೆ. ಚಿನ್ನದ ತಕ್ಕಡಿ, ಇಕ್ಕಳ, ಕ್ರೆಡಿಟ್ ಕಾರ್ಡ್ ಮೆಷೀನು, ಹೊರಗೆ ವ್ಯಾನು — ಎಲ್ಲಕ್ಕೂ ಬೊಟ್ಟು. ಕೊನೆಗೆ ಇವರ ರಿವಾಲ್ವರು. ಅಂಗೈಯಷ್ಟೇ ಇದೆ, ಐದು ಗುಂಡಿನದು. ಗುಂಡು ತೆಗೆದು, ಸಿಲಿಂಡರು ಬಿಚ್ಚಿ ಕೈಗಿಟ್ಟರು. ಕಡ್ಡಿ ಒತ್ತಿದರೆ ನಕ್ಷತ್ರದಂಥ ಒಂದು ಬಿಲ್ಲೆ ಮೇಲೇಳುತ್ತದೆ, ಖಾಲಿ ತೋಟೆ ಹೊರಗೆ ನೂಕುವುದಕ್ಕೆ. ಚೆನ್ನಾಗಿದೆ ಅಂತ ಅದಕ್ಕೂ ಗಂಧ, ಕುಂಕುಮ, ಎರಡು ಕಾಳು ಅಕ್ಷತೆ.

ಪಕ್ಕದ ಫೋನ್ ಕಾರ್ಡ್ ಅಂಗಡಿಯ ಜಲೀಲ್ ಸಿಹಿ ತಿನ್ನಲು ಬಂದರು. ಮತ್ತದೇ ಪಾಠ. ಚಿಕ್ಕ ರಿವಾಲ್ವರು ಬಲು ನಾಜೂಕು, ಒಂದು ಸ್ಕ್ರೂ ಸಡಿಲವಾದರೂ, ಜೇಬಿನ ನೂಲು ಸಿಕ್ಕಿಕೊಂಡರೂ ತಿರುಗುವುದಿಲ್ಲ. ಅವರದೇ ಒಮ್ಮೆ ಗುರಿ ಅಭ್ಯಾಸದ ರೇಂಜಿನಲ್ಲಿ ಕೈಕೊಟ್ಟಿತ್ತಂತೆ. ಅಂದಿನಿಂದ ಕಾಲಿಗೆ ಇನ್ನೊಂದು ಕಟ್ಟಿಕೊಂಡಿರುತ್ತಾರೆ, ಬ್ಯಾಕಪ್ಪು. ಇವರಿಗೂ ಎರಡನೆಯದರ ಆಸೆ, ಮುಖ ನೋಡಿದರೇ ಗೊತ್ತು. ಸೊಂಟಕ್ಕೊಂದು ಕಾಲಿಗೊಂದು ಆಯಿತು, ಟೋಪಿಗೊಂದು ಬೇಡವಾ ಅಂದೆ. ಎಲ್ಲರೂ ನಕ್ಕರು. ಮಾತು ಅಲ್ಲಿಗೇ ನಿಂತಿತು.

19 ಅಕ್ಟೋಬರ್

ಹೊಸ ವರ್ಷಕ್ಕೆ ಕಂಪ್ಯೂಟರೆಲ್ಲ ನಿಂತುಹೋಗುತ್ತವಂತೆ, ಆ Y2K ಹೆದರಿಕೆಗೆ ಚಿನ್ನ ಕೊಳ್ಳುವವರು ಬಾಗಿಲು ತೆಗೆಯುವ ಮೊದಲೇ ಹಾಜರು. ಇವರು ರಿವಾಲ್ವರು ಎತ್ತಿಕೊಂಡು ಒಳಗೂ ಒರೆಸಿದೆಯಾ ಎಂದು ಕೇಳಿದರು. ಒರೆಸಿದೆ ಅಂದೆ. ಮೇಲಷ್ಟೇ ಒರೆಸಿದ್ದು. ವಿಜಯದಶಮಿಯ ದಿನ ಪೂರ್ತಿ ಕುಂಕುಮ ಅಳಿಸಲು ಮನಸ್ಸಾಗಲಿಲ್ಲ. ಜೊತೆಗೆ ಸೋಮಾರಿತನ. ಇವರು ನೋಡದೆ ಗುಂಡು ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

4 ನವೆಂಬರ್, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಮಂಗಳವಾರ ಅಂಗಡಿಗೆ ಇಬ್ಬರು ನುಗ್ಗಿದರು, ಮುಖಕ್ಕೆ ಬಟ್ಟೆ. ಒಬ್ಬ ಶೋಕೇಸು ಒಡೆದ. ಇನ್ನೊಬ್ಬ ನನ್ನ ಪಕ್ಕ ಕೂತಿದ್ದ ಅತ್ತೆಯ ಬಳೆಗೆ ಕೈ ಹಾಕಿ ಎಳೆದಾಡಿದ. ಇವರು ರಿವಾಲ್ವರು ತೆಗೆದು ಅವನತ್ತ ಹಿಡಿದರು. ಹಿಡಿದೇ ನಿಂತರು... ಸದ್ದೇ ಇಲ್ಲ. ಅವನು ನೋಡಿ ನಕ್ಕ. ಅತ್ತೆಯನ್ನು ನೂಕಿ ಹೋದರು. ಅತ್ತೆಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ.

ಪೊಲೀಸರು ಗುಂಡು ತೆಗೆದು ಒತ್ತಿ ನೋಡಿದರು. ಟಿಕ್ ಟಿಕ್ — ಸರಿಯಾಗಿಯೇ ತಿರುಗಿತು. ಏನೂ ಕೆಟ್ಟಿಲ್ಲ ಎಂದು ವಾಪಸ್ ಕೊಟ್ಟರು. ಇವರು ಮಾತ್ರ ಒತ್ತಿದೆ, ಅಲ್ಲಾಡಲಿಲ್ಲ ಅನ್ನುತ್ತಲೇ ಇದ್ದಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ, ಜಲೀಲ್ ಎದುರಿಗೇ ಅಂದುಬಿಟ್ಟೆ: "ಹೆದರ್ಕೊಂಡೆ ಅಂತ ಒಪ್ಕೊಂಡ್ಬಿಡಿ."

14 ನವೆಂಬರ್, ಭಾನುವಾರ

ಕನ್ನಡ ಕೂಟದ ರಾಜ್ಯೋತ್ಸವ. ಊಟದ ಸಾಲಿನಲ್ಲಿ ಸಾಫ್ಟ್‌ವೇರಿನ ಸುರೇಶ್, ಇವರತ್ತ ನೋಡುತ್ತಾ: ಶಿವರಾಮುಗೆ ಎರಡು ತಿಂಗಳು ಮೊದಲೇ Y2K ಬಂದುಬಿಡ್ತು, ಹ್ಯಾಂಗ್ ಆಗಿಬಿಟ್ಟ. ನಕ್ಕವರಲ್ಲಿ ನಾನೂ ಇದ್ದೆ. ಇವರು ತಟ್ಟೆ ಇಟ್ಟು ವ್ಯಾನಿಗೆ ಹೋಗಿ ಕೂತರು.

ಫ್ರೀವೇನಲ್ಲಿ ಹಿಂದಿನ ಸೀಟಿನಿಂದ ಮಗಳು ನಿಸರ್ಗಾ: "ಡ್ಯಾಡಿ, ಡಿಡ್ ಯು ಫ್ರೀಜ್?"

ಎವರ್‌ಗ್ರೀನ್ ಎಕ್ಸಿಟ್ ಬಂತು, ಇವರು ಮನೆಯ ಕಡೆ ವ್ಯಾನು ತಿರುಗಿಸಿದರು. ಆಮೇಲೆ, "ಗೊತ್ತಿಲ್ಲ ಪುಟ್ಟಾ. ಒತ್ತಿದ್ನೋ ಇಲ್ವೋ... ಈಗ ನಂಗೇ ಗೊತ್ತಾಗ್ತಿಲ್ಲ."

20 ನವೆಂಬರ್, ಮಧ್ಯಾಹ್ನ

ಇವರು ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ರಿವಾಲ್ವರು ಡಬ್ಬಿಗೆ ಹಾಕಿ ಮೇಲಿಡೋಣ ಎಂದು ತೆಗೆದೆ. ಕಡ್ಡಿ ಒತ್ತಿದೆ. ಬಿಲ್ಲೆಯ ಕೆಳಗೆ ಕೆಂಪು. ಗಂಧ ಕುಂಕುಮ ಒಣಗಿ ಕಲ್ಲಾಗಿವೆ, ನಡುವೆ ಅಕ್ಷತೆಯ ಚೂರು. ಗುಂಡು ಹಾಕಿ ನೋಡಿದೆ. ಬಿಲ್ಲೆ ಪೂರ್ತಿ ಕೂರುವುದಿಲ್ಲ, ಅದರ ಮೇಲಿನ ಗುಂಡುಗಳೂ ಹಿಂದಕ್ಕೆ ಎದ್ದು ನಿಲ್ಲುತ್ತವೆ. ಮುಚ್ಚಿದರೆ ಬಿಗಿ, ತಿರುಗಲು ಜಾಗವೇ ಇಲ್ಲ. ಗುಂಡು ತೆಗೆದರೆ ಸಲೀಸು. ಪೊಲೀಸರು ಖಾಲಿ ಮಾಡಿಯೇ ನೋಡಿದ್ದರು.

ಇವರು ಒತ್ತಿದ್ದರು.

ಹಳೇ ಟೂತ್‌ಬ್ರಷ್ ತಂದು ಉಜ್ಜಿದೆ. ಸಿಂಕಿನಲ್ಲಿ ಕೆಂಪು ನೀರು. ಗ್ಯಾರೇಜ್ ಬಾಗಿಲು ತೆರೆದ ಸದ್ದಾಯಿತು. ಬ್ರಷ್ಷನ್ನು ಕಸದಲ್ಲಿ ಒಳಕ್ಕೆ ತುರುಕಿದೆ. ಊಟಕ್ಕೆ ಬಡಿಸಿದೆ. ಹೇಳಲಿಲ್ಲ.

ಕುಂಕುಮ ಇಟ್ಟದ್ದು ತಿಳಿಯದೆ. ತೊಳೆದದ್ದು ತಿಳಿದೇ.

12 ಡಿಸೆಂಬರ್

ಅತ್ತೆ ವಾಕರ್ ಹಿಡಿದು ಅಡುಗೆಮನೆವರೆಗೆ ಬರುತ್ತಾರೆ. ಮಗನಿಗೆ ಒಂದು ಮಾತೂ ಅಂದಿಲ್ಲ, ಇವರಿಗೆ ಅದೇ ಇನ್ನೂ ಕಷ್ಟ. ಅಂಗಡಿಯಲ್ಲಿ ಬಾಗಿಲ ಗಂಟೆ ಸದ್ದಾದರೆ ಇವರು ಹಿಂದಿನ ರೂಮಿಗೆ ಸರಿದುಬಿಡುತ್ತಾರೆ. ಗಿರಾಕಿಗಳೆಲ್ಲ ನನ್ನ ಪಾಲು.

ಇವತ್ತು ಜಲೀಲ್ ನನ್ನನ್ನು ತಡೆದು ನಿಲ್ಲಿಸಿದರು. "ಭಾಭಿ, ಶಿವರಾಮು ಒತ್ತೇ ಇರ್ತಾರೆ. ನೀವೊಬ್ರಾದ್ರೂ ನಂಬಿ." ಹ್ಞೂಂ ಅಂದೆ. ಫೋನ್ ಬಂತೆಂದು ಸುಳ್ಳು ಹೇಳಿ ಒಳಗೆ ಹೋದೆ. ಇಂಥ ಹೆಂಗಸು ನಾನು.

19 ಡಿಸೆಂಬರ್, ಭಾನುವಾರ, ಸಂಜೆ

ಎರಡನೆಯ ರಿವಾಲ್ವರು ಬಂತು. ಯಾವಾಗ ಹೋಗಿ ದುಡ್ಡು ಕಟ್ಟಿದ್ದರೋ, ನನಗೆ ಹೇಳಿರಲಿಲ್ಲ. ಊಟದ ಮೇಜಿನ ಮೇಲೆ ಡಬ್ಬಿ ಇಟ್ಟು ನನ್ನ ಕಡೆ ಸರಿಸಿದರು.

"ಇದು ನಿಂಗೆ. ಜಲೀಲ್ ಹೇಳ್ಕೊಡ್ತಾನೆ. ನನ್ ಬೆರಳು ಆಡಲ್ಲ, ನೀನೇ ನೋಡಿದ್ಯಲ್ಲ. ಇನ್ನೊಂದ್ಸಲ ನಾನು ಹಾಗೇ ನಿಂತ್ಬಿಟ್ರೆ... ನೀನಿರ್ತೀಯ."

ಅತ್ತೆಯ ಎದುರಿಗೆ, ಮಗಳ ಎದುರಿಗೆ. ಅತ್ತೆ ತಲೆ ತಗ್ಗಿಸಿದರು. ನಿಸರ್ಗಾ ಅಪ್ಪನ ತೋಳು ಹಿಡಿದುಕೊಂಡಳು. ನಾನು ಡಬ್ಬಿ ತೆಗೆದುಕೊಂಡೆ! ತೆಗೆದುಕೊಂಡು ಥ್ಯಾಂಕ್ಸ್ ಅಂದೆ.

ಮೇಲೆ ಬಂದು ಕೂತಿದ್ದೇನೆ. ಕೆಳಗೆ ಇನ್ನೂ ಮೂವರೂ ಇದ್ದಾರೆ, ಪಾತ್ರೆಯ ಸದ್ದು. ಈಗಲೇ ಹೋಗಬೇಕು, ಅವರೆಲ್ಲರ ಎದುರಿಗೇ ಹೇಳಬೇಕು. ಬಾಯಿ ಬರುವುದಿಲ್ಲ. ಮೊದಲ ಮಾತನ್ನಾದರೂ ಇಲ್ಲಿ ಬರೆದು ನೋಡುತ್ತೇನೆ.

ರೀ, ಅವತ್ತು ನೀವು ಒತ್ತಿದ್ರಿ. ನಾನು