ಟಿಚ್ ಬಟನ್ ಹಾಕಿದ ಹೆಸರು

ಚಿಂತಾಮಣಿ
ಬುಧವಾರ, ೯ ಜುಲೈ ೨೦೨೫

ಪ್ರೀತಿಯ ತಮ್ಮ ಸುನೀಲಪ್ಪ,

ಹೇಗಿದ್ದೀಯ? ಹೊಟ್ಟೆಯೊಳಗಿನ ಉರಿ ಕಡಿಮೆಯಾಯಿತೇ? ಹೊತ್ತು ಹೊತ್ತಿಗೆ ಉಣ್ಣು ಅಂದರೆ ಕೇಳುವವನಲ್ಲ ನೀನು. ಮ್ಯಾಚ್ ಇರುವ ದಿನ ಬರೀ ಟೀ ಕುಡಿದುಕೊಂಡು ಗೆರೆಯ ಪಕ್ಕ ಓಡಾಡಿದರೆ ಹೊಟ್ಟೆ ಇನ್ನೇನಾಗುತ್ತದೆ. ಅಮ್ಮ ಕಡಲೆಬೀಜದ ಚಟ್ನಿಪುಡಿ ಮಾಡಿದ್ದಾಳೆ, ಖಾರ ಕಮ್ಮಿ ಹಾಕಿಸಿದ್ದೇನೆ. ಟೊಮೇಟೊ ಗಾಡಿ ಓಡಿಸುವ ವೇಣು ನಾಳೆ ಬೆಳಿಗ್ಗೆ ನಿಮ್ಮ ಗೌರಿಬಿದನೂರಿಗೆ ಬರುತ್ತಾನಂತೆ, ಡಬ್ಬಿಯನ್ನೂ ಈ ಪತ್ರವನ್ನೂ ಅವನ ಕೈಗೆ ಕೊಡುತ್ತೇನೆ. ಈ ಕಾಲದಲ್ಲಿ ಪತ್ರ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ಮ್ಯಾಚ್ ಅನ್ನುವಷ್ಟರಲ್ಲಿ ‘ಆಮೇಲೆ ಮಾಡ್ತೀನಿ ಅಕ್ಕ’ ಅಂತ ಇಟ್ಟುಬಿಡುತ್ತೀಯ. ಪತ್ರವನ್ನು ಅರ್ಧಕ್ಕೆ ಕಟ್ ಮಾಡುವುದಕ್ಕೆ ಆಗುವುದಿಲ್ಲ.

ನನಗೆ ಸಾಕಾಗಿಹೋಗಿದೆ ಕಣೋ. ನೀನು ನಮ್ಮೂರಿನ ಟೌನ್ ಇಲೆವೆನ್ ಬಿಟ್ಟು ಗೌರಿಬಿದನೂರಿನ ಫುಟ್‌ಬಾಲ್ ಟೀಮಿಗೆ ಮ್ಯಾನೇಜರ್ ಆಗಿ ಹೋದೆ, ನಿನ್ನ ಪಾಡಿಗೆ ನೀನು ಅಲ್ಲಿದ್ದೀಯ. ಊರಿನವರಿಗೆ ನಿನ್ನ ಮೇಲೆ ಇರುವುದೆಲ್ಲ ನನ್ನ ಹೊಲಿಗೆ ಮೆಷಿನ್ ಮುಂದೆ ಬಂದು ಕೂರುತ್ತದೆ. ಸೊಪ್ಪು ತರಲು ಹೋದರೆ ಒಬ್ಬರು ‘ನಿಮ್ ತಮ್ಮ ಇದ್ದಿದ್ರೆ ಆ ಗೋಲು ಬಿಡಕ್ಕೆ ಬಿಡ್ತಿದ್ನಾ’ ಅನ್ನುತ್ತಾರೆ. ಸೊಪ್ಪು ಕಟ್ಟಿಸಿಕೊಳ್ಳುವುದರೊಳಗೆ ಇನ್ನೊಬ್ಬರು ‘ಊರಿಗೆ ಕೈ ಕೊಟ್ಟು ಹೋದ ನೋಡಮ್ಮ’ ಅನ್ನುತ್ತಾರೆ. ಕೆಲವು ಸಲ ಎರಡೂ ಒಂದೇ ಬಾಯಿಂದ ಬರುತ್ತವೆ. ಹಾರ್ಡ್‌ವೇರ್ ಅಂಗಡಿ ಚಲಪತಿ ಇದ್ದಾನಲ್ಲ, ಗ್ಯಾಲರಿಯಲ್ಲಿ ಡೋಲು ಬಾರಿಸುವವನು, ಅವನು ಟೀ ಲೋಟ ಕೈಗೆ ತೆಗೆದುಕೊಂಡಾಗ ನೀನು ದ್ರೋಹಿ. ಲೋಟ ಕೆಳಗಿಡುವ ಹೊತ್ತಿಗೆ ‘ಅವನಂಗೆ ಟೀಮ್ ಕಟ್ಟೋನು ಇನ್ನು ಹುಟ್ಟಬೇಕು, ಏಂ ಚೇಯಾಲಿ ಅಕ್ಕಾ, ಏನ್ ಮಾಡೋದು’ ಅಂತ ಕಣ್ಣು ಒರೆಸಿಕೊಳ್ಳುತ್ತಾನೆ. ಈಗ ಬಂದಿರುವ ಹೊಸ ಮ್ಯಾನೇಜರ್ ಪಾಪ ಒಳ್ಳೆಯ ಮನುಷ್ಯನೇ. ಆದರೆ ಅವನ ಹುಡುಗರು ಚೆಂಡನ್ನು ಹಿಂದಕ್ಕೇ ಕೊಡುತ್ತಾರೆ ಅಂತ ಎಲ್ಲರಿಗೂ ಬೇಜಾರು. ನಿನ್ನ ಕಾಲದಲ್ಲೂ ಇದನ್ನೇ ಹೇಳುತ್ತಿದ್ದರು, ಅದು ಯಾರಿಗೂ ನೆನಪಿಲ್ಲ. ಹೋಗು ಹೋಗು ಅಂತ ಕೂಗಿದವರೇ ಈಗ ಯಾಕೆ ಹೋದ ಅಂತ ನನ್ನನ್ನು ಕೇಳುತ್ತಾರೆ. ಬಾಬಿನ್‌ಗೆ ದಾರ ಸುತ್ತುತ್ತಾ ಹೂಂ ಅನ್ನುತ್ತೇನೆ.

ಆ ದಿನದ ಮಾತನ್ನು ನಾನಾಗಿ ಎತ್ತಬಾರದು ಅಂದುಕೊಂಡಿದ್ದೆ, ಎತ್ತುತ್ತಿದ್ದೇನೆ. ಶಿಡ್ಲಘಟ್ಟದ ಹುಡುಗರ ಕೈಲಿ ನಮ್ಮ ಗ್ರೌಂಡಿನಲ್ಲೇ ಸೋತೆವಲ್ಲ, ಅವತ್ತು. ಗ್ಯಾಲರಿ ಪೂರ್ತಿ ‘ಸುನೀಲ್ ಸಾಕು, ಮನೆಗೆ ಹೋಗು’ ಅಂತ ಕೂಗುತ್ತಿತ್ತು. ಅಪ್ಪ ಅವರ ನಡುವೆ, ದೊಡ್ಡ ಬ್ಯಾನರಿನ ಕೆಳಗೆ, ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ಬಾಯಿ ಬಿಡಲಿಲ್ಲ. ನೀನು ತಿರುಗಿ ನೋಡಿದೆ. ಕೂಗಿದವರನ್ನಲ್ಲ ನೀನು ನೋಡಿದ್ದು, ಅಪ್ಪನನ್ನು. ನಾನು ಹಿಂದಿನ ಸಾಲಿನಲ್ಲಿದ್ದೆ, ನೋಡಿದೆ. ಆ ವಾರವೇ ಗಂಟು ಕಟ್ಟಿಕೊಂಡು ಹೊರಟೆ. ಶಿವರಾತ್ರಿ ಆಯಿತು, ಯುಗಾದಿ ಆಯಿತು, ನೀನು ಈ ಹೊಸಿಲು ತುಳಿದಿಲ್ಲ. ಊರಿನವರು ನಿನಗೆ ಒಳ್ಳೆಯ ಕೆಲಸ ಸಿಕ್ಕಿತು, ಅದಕ್ಕೆ ಹೋದ ಅಂತಾರೆ. ಕೂಗಿದವರಿಗಿಂತ ಸುಮ್ಮನೆ ಕೂತ ಅಪ್ಪನಿಂದಲೇ ನಿನಗೆ ಹೆಚ್ಚು ನೋವು ಅಂತ ನನಗೊಬ್ಬಳಿಗೇ ಗೊತ್ತು. ಅಪ್ಪನಿಗೂ ಗೊತ್ತಿರಬೇಕು. ಅವರೂ ಆಮೇಲೆ ಗ್ರೌಂಡಿನ ಕಡೆ ಹೋಗಿಲ್ಲ. ಮ್ಯಾಚ್ ಇದ್ದಾಗ ಕುರ್ಚಿ ಒಳಗೆ ಹಾಕಿಕೊಂಡು ಬಾಗಿಲು ಮುಂದೆ ಮಾಡಿ ಕೂರುತ್ತಾರೆ. ಕಿಟಕಿಯಿಂದ ಸದ್ದು ಬರುತ್ತದೆ. ‘ಇದು ನಮ್ದು’, ‘ಇದು ಅವರ್ದು’ ಅಂತ ಸದ್ದಿನಲ್ಲೇ ಗೋಲು ಹೇಳುತ್ತಾರೆ, ತಪ್ಪುವುದಿಲ್ಲ.

ನಮ್ಮ ಮನೆಗೆ ಜನ ಬರುವುದೇನೂ ನಿಂತಿಲ್ಲ. ಮೊದಲು ಹೇಗಿತ್ತು ನೆನಪಿದೆಯಲ್ಲ, ಬಜಾರು ಬೀದಿಯವರು ಬ್ಲೌಸ್ ಪೀಸ್ ತಂದರೆ ನಮ್ಮ ಕಾಲೋನಿಯ ಬಾಯಲ್ಲೇ ಸ್ಕೂಟರ್ ನಿಲ್ಲಿಸಿ ನನ್ನನ್ನು ಕೂಗಿ ಕರೆಯುತ್ತಿದ್ದರು. ನೀನು ಜಿಲ್ಲಾ ಕಪ್ ಗೆದ್ದ ಮೇಲೆ ಒಳಗೆ ಬಂದರು, ಮಂಚದ ಮೇಲೆ ಕೂತರು, ಅಮ್ಮ ಕೊಟ್ಟ ಟೀ ಕುಡಿದರು. ಬುದ್ಧನ ಪಟದ ಕೆಳಗೆ ನೀನು ಕಪ್ ಹಿಡಿದಿರುವ ಫೋಟೊ ನೋಡಿ ಕೈ ಮುಗಿದವರೂ ಇದ್ದಾರೆ. ನೀನು ಹೋದ ಮೇಲೆ ಮತ್ತೆ ರಸ್ತೆಯಲ್ಲೇ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಬರುತ್ತಾರೆ, ಅದೇ ಮಂಚದ ಮೇಲೆ ಕೂತು ನಿನ್ನನ್ನು ಬೈಯುತ್ತಾರೆ. ನಾನು ರೇಗಿದರೆ ಅಮ್ಮ ‘ಬೈಯಕ್ಕಾದ್ರೂ ಒಳಗೆ ಬರ್ತಾರಲ್ಲಮ್ಮ, ಬರ್ಲಿ ಬಿಡು’ ಅಂತಾಳೆ. ಟೀಪುಡಿ ಮಾತ್ರ ಬೇಗ ಮುಗಿಯುತ್ತದೆ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಹೋದ ವಾರ ಆ ಬ್ಯಾನರ್ ಹೊತ್ತುಕೊಂಡು ಗುಂಪಾಗಿ ಬಂದರು. ‘ನಮ್ಮೂರು ಚಿಂತಾಮಣಿ, ನಮ್ಮ ಗುರು ಸುನೀಲ್’ ಅಂತ ಹಳದಿ ಸ್ಯಾಟಿನ್‌ನಲ್ಲಿ ಅಕ್ಷರ ಕತ್ತರಿಸಿ ಅಂಚು ಹೊಲಿದವಳು ನಾನೇ. ಭಾನುವಾರ ನೀನು ಗೌರಿಬಿದನೂರಿನವರನ್ನು ಕರೆದುಕೊಂಡು ನಮ್ಮ ಗ್ರೌಂಡಿಗೇ ಬರುತ್ತೀಯಲ್ಲ, ಎದುರು ಪಾರ್ಟಿಯವನ ಹೆಸರು ನಮ್ಮ ಬ್ಯಾನರಿನಲ್ಲಿ ಹೇಗಿರುತ್ತದೆ, ಬಿಚ್ಚಿಕೊಡು ಅಂದರು. ಕತ್ತರಿ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಅರ್ಧ ಜನ ಬೇಡ ಬೇಡ ಅಂದರು, ಅಲ್ಲೇ ಜಗಳ. ಕೊನೆಗೆ ಮೆಡಿಕಲ್ ಸ್ಟೋರ್ ರಮೇಶ್‌ಬಾಬು ಒಂದು ದಾರಿ ಹುಡುಕಿದರು. ನಿನ್ನ ಹೆಸರಿನ ಮೇಲೆ ಬ್ಯಾನರ್ ಬಟ್ಟೆಯ ಬಣ್ಣದ್ದೇ ಒಂದು ಪಟ್ಟಿ, ಅಂಚಿಗೆ ಟಿಚ್ ಬಟನ್. ಸಿಟ್ಟಿದ್ದಾಗ ಮುಚ್ಚುವುದು, ಬೇಕಾದಾಗ ಬಿಚ್ಚುವುದು. ಇದಕ್ಕೆ ಎಲ್ಲರೂ ಒಪ್ಪಿದರು. ನನ್ನ ತಮ್ಮನ ಹೆಸರು ಮುಚ್ಚುವ ಬಟ್ಟೆಗೆ ನಾನೇ ಅಳತೆ ತೆಗೆದೆ ನೋಡು. ಆಗ ಅಳು ಬಂತು, ಅವರೆದುರು ಅಳಲಿಲ್ಲ.

ಮೊನ್ನೆ ಮಧ್ಯಾಹ್ನ ಚಲಪತಿ ಒಬ್ಬನೇ ಬಂದ. ಆ ಕಡೆ ಈ ಕಡೆ ನೋಡಿ ‘ಅಕ್ಕಾ, ಬಟನ್ ಸ್ವಲ್ಪ ಸಡಿಲ ಇಡಿ. ಆಷಾಢದ ಗಾಳಿಗೆ ತಾನಾಗೇ ಬಿಚ್ಕೊಂಡ್ರೆ ಯಾರ ತಪ್ಪೂ ಅಲ್ಲ’ ಅಂದ. ಆಗುವುದಿಲ್ಲ ಅಂದೆ. ‘ಮುಚ್ಚಿಸಿದ್ದು ನಿಮ್ ಕೈ. ಬಿಚ್ಚೋದಾದ್ರೂ ನಿಮ್ ಕೈಲೇ ಬಿಚ್ಚಿ, ಗಾಳಿ ಮೇಲೆ ಹಾಕ್ಬೇಡಿ’ ಅಂದೆ. ಬಟನ್‌ಗಳನ್ನು ಬಿಗಿಯಾಗಿಯೇ ಹಾಕಿದ್ದೇನೆ. ನಿನಗೂ ಅದೇ ಮಾತು. ಭಾನುವಾರ ನೀನು ಬರುವುದಿಲ್ಲ, ಹೊಟ್ಟೆ ನೋವು ಅಂತ ಹೇಳಿ ನಿನ್ನ ಅಸಿಸ್ಟೆಂಟನ್ನು ಕಳಿಸುತ್ತೀಯ ಅಂತ ವೇಣು ಹೇಳಿದ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನೀನು ಬಂದರೆ ಕೂಗುವವರು ಕೂಗುತ್ತಾರೆ, ಅಳುವವರು ಅಳುತ್ತಾರೆ, ಎರಡನ್ನೂ ಮಾಡುವವರೇ ಹೆಚ್ಚು. ಬರುವುದೂ ಬಿಡುವುದೂ ನಿನಗೆ ಸೇರಿದ್ದು. ದಮ್ಮಯ್ಯ ಅನ್ನಲು ನನ್ನಲ್ಲಿ ಶಕ್ತಿ ಉಳಿದಿಲ್ಲ. ನನಗೆ ನಿನ್ನನ್ನು ನೋಡಬೇಕು ಅನ್ನಿಸಿದೆ, ಅಷ್ಟು ಮಾತ್ರ ಬರೆಯುತ್ತೇನೆ.

ಅಮ್ಮ ನಿನ್ನ ತಲೆ ಸವರಿದಳು ಅಂತ ಬರೆ ಅಂದಳು, ಬರೆದಿದ್ದೇನೆ. ಚಟ್ನಿಪುಡಿಗೆ ಎಣ್ಣೆ ಕಲಸಿಕೊಂಡು ತಿನ್ನು. ನಿನಗೆ ಒಳ್ಳೆಯದಾಗಲಿ, ನಿನ್ನ ಟೀಮಿಗೆ ಭಾನುವಾರ ಬಿಟ್ಟು ಮಿಕ್ಕ ದಿನ ಒಳ್ಳೆಯದಾಗಲಿ.

ನಿನ್ನ ಅಕ್ಕ,
ತನುಜ

ವಿ.ಸೂ.: ಗುರುವಾರ ಬೆಳಿಗ್ಗೆ. ವೇಣು ಹಾರ್ನ್ ಹೊಡೆಯುತ್ತಿದ್ದಾನೆ, ಅಂಟಿಸಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ. ಎದ್ದು ಬಂದಾಗ ಅಪ್ಪ ಮೆಷಿನ್ ಪಕ್ಕ ಬ್ಯಾನರನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಬಸ್ ಡಿಪೋದಲ್ಲಿ ನಟ್ಟು ಬಿಚ್ಚಿದ ಕೈ, ಈ ಸಣ್ಣ ಬಟನ್ ಹಿಡಿತಕ್ಕೇ ಸಿಗುತ್ತಿರಲಿಲ್ಲ. ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು. ಏನಪ್ಪಾ ಇದು ಅಂದೆ. ‘ಅವತ್ತು ನಾನು ಮಾತಾಡ್ಬೇಕಿತ್ತಮ್ಮ, ಮಾತಾಡ್ಲಿಲ್ಲ. ಭಾನುವಾರ ನನ್ ಮಗ ಗ್ರೌಂಡಿಗೆ ಇಳಿದಾಗ ಎಲ್ರ ಮುಂದೆ ಎದ್ದು ನಾನೇ ಇದನ್ನ ಬಿಚ್ತೀನಿ’ ಅಂದರು. ಬಿಳಿ ಶರ್ಟನ್ನು ಆಗಲೇ ಇಸ್ತ್ರಿಗೆ ಕೊಟ್ಟಿದ್ದಾರೆ. ಅವನು ಬರದೇ ಇರಬಹುದಪ್ಪ ಅಂತ ಹೇಳಿದೆ. ಬಿಚ್ಚಿದ್ದ ಬಟನನ್ನು ಮತ್ತೆ ಒತ್ತಿ ಹಾಕಿ, ‘ಬರ್ದಿದ್ರೆ ಮುಚ್ಚೇ ಇರ್ಲಿ. ನಾನು ಅದರ ಕೆಳಗೇ ಕೂತಿರ್ತೀನಿ’ ಅಂದರು.